ಸದ್ಯೋಜಾತ ಶುಶ್ರೂಷೆ ಮತ್ತು ಪ್ರಥಮ ಸ್ತನ್ಯಪಾನ

ಜನಿಸಿದ ಮೊದಲ ಗಂಟೆಯೊಳಗಾಗಿಯೇ ಶಿಶುವಿಗೆ ಎದೆಹಾಲು ದೊರೆಯುವಂತೆ ಮಾಡುವ ಉಪಚಾರಕ್ರಮ. ಕೂಸಿನ ಮೈಯನ್ನು ಒಣಬಟ್ಟೆಯಿಂದ ಒರೆಸಿ, ಕೈಗಳನ್ನು ಮಾತ್ರ ಹಾಗೆಯೇ ಬಿಟ್ಟು, ತಾಯಿಯ ಬರಿಯೆದೆಯ ಮೇಲೆ ಬೋರಲಾಗಿ ಮಲಗಿಸಿ, ಇಬ್ಬರಿಗೂ ಒಂದೇ ಹೊದಿಕೆ ಹೊದಿಸಿದಲ್ಲಿ, ಅದು ಕೈಗಂಟಿದ ಗರ್ಭೋದಕದ ವಾಸನೆಯ ಜಾಡು ಹಿಡಿದು, ಕಾಲುಗಳಿಂದ ಮೆಲ್ಲನೆ ಒತ್ತುತ್ತ, ಬಹುಮಟ್ಟಿಗೆ ತಾನಾಗಿಯೇ ಸ್ತನಾಗ್ರವನ್ನು ಸೇರುವುದು ನಿಜಕ್ಕೂ ವಿಸ್ಮಯಾವಹವಾದುದು. ಚೀಪುವಿಕೆಯಿಂದ ಆಕ್ಸಿಟೋಸಿನ್ ಸ್ರವಿಸಿ ಹಾಲಿಳಿಯುವುದಲ್ಲದೆ, ಗರ್ಭಾಶಯವು ಸಂಕುಚಿತಗೊಂಡು ರಕ್ತಸ್ರಾವವೂ ತಗ್ಗುವುದು.

ಸ್ನಾನವನ್ನು 24 ಗಂಟೆಗಳವರೆಗಾದರೂ ಮುಂದೂಡತಕ್ಕದ್ದು. ರೋಗನಿರೋಧಕ ದ್ರವ್ಯಗಳಿಂದ ಸಮೃದ್ಧವಾದ ಹಳದಿ ಛಾಯೆಯ ಗಿಣ್ಣುಹಾಲನ್ನು ಹಿಂಡಿ ಚೆಲ್ಲಿ, ಜೇನುತುಪ್ಪವನ್ನೋ ಬೆಲ್ಲದ ನೀರನ್ನೋ ನೆಕ್ಕಿಸುವ ಹಳೆಯ ರೂಢಿ, ಪ್ರೀತಿಯಿಂದಲೇ ಹುಟ್ಟಿದ್ದಾದರೂ, ಅಪಾಯಕರವೇ ಸರಿ.

ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ 1991ರಲ್ಲಿ ಶಿಶುಸ್ನೇಹಿ ಆಸ್ಪತ್ರೆಗಳ ಯೋಜನೆಯನ್ನು ಆರಂಭಿಸಿದವು. ಭಾರತದಲ್ಲಿ 2016ರಲ್ಲಿ ಸ್ತನ್ಯಪಾನವನ್ನು ಉತ್ತೇಜಿಸುವ ‘ಮಾ’ ಕಾರ್ಯಕ್ರಮವು ಜಾರಿಗೆ ಬಂದಿತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಸೋನ್ಯಾಳದಂತಹ ಗಡಿಗ್ರಾಮಗಳಲ್ಲಿ, ಕನ್ನಡವನ್ನೇ ಮನೆಮಾತಾಗಿ ಉಳ್ಳ ಬಾಣಂತಿಯರಿಗೆ ಈ ತಿಳಿವಳಿಕೆಯು ಕನ್ನಡದಲ್ಲಿಯೇ ದೊರೆಯುವುದು ಅತ್ಯಗತ್ಯ. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ವಾಡಿಕೆಯಿರುವುದರಿಂದ ಅಜ್ಜಿಗೂ ಅದನ್ನು ಮೊದಲೇ ಮನಗಾಣಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬಂದು, ಕೂಸಿನ ತೂಕವನ್ನೂ ಮೈಶಾಖವನ್ನೂ ಹಾಲುಣ್ಣುವ ಬಗೆಯನ್ನೂ ಪರಿಶೀಲಿಸುತ್ತಾಳೆ.