ಬಾಳೂ ಎಸೆದ ಚೆಂಡು

ಹಡಪಸರದ ನಮ್ಮ ಸೊಸೈಟಿಯ ಆಟದಂಗಳಕ್ಕೆ ಮನೆಗೆಲಸದವರ, ಕಾವಲುಗಾರರ ಮಕ್ಕಳನ್ನೂ ಬಿಡಬೇಕೆಂಬ ಪ್ರಸ್ತಾಪ ಸಭೆಗೆ ಬಂದಾಗ ನಾವು ಸುಮ್ಮನೆ ಕುಳಿತಿದ್ದೆವು. ಹೊಲಗಳೆಲ್ಲ ಕಟ್ಟಡಗಳಾದ ಈ ಊರಿನಲ್ಲಿ ಆ ಮಕ್ಕಳಿಗೆ ಉಳಿದಿರುವುದು ಖಾಲಿ ನಿವೇಶನ. ಅದೂ ಅಡಿಪಾಯ ತೋಡುವವರೆಗೆ.

ಅಂದು ರಾತ್ರಿ ನಮಗೆ ನೆನಪಾದವರು ಪಾಳವಣಕರ ಬಾಳೂ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿ, ಸೈನ್ಯದಲ್ಲಿದ್ದ ತಂದೆಯ ಆಶ್ರಯದಲ್ಲಿ ಪುಣೆಯಲ್ಲಿ ಬೆಳೆದ ಚಮ್ಮಾರ ಕುಲದವರು. ಪೂನಾ ಕ್ಲಬ್ಬಿನಲ್ಲಿ ಪಿಚ್ ಹದಮಾಡುವುದು, ಬಲೆ ಕಟ್ಟುವುದು ಅವರ ಕೆಲಸ. ಗ್ರೇಗ್ ಮೊದಲಾದ ಇಂಗ್ಲಿಷ್ ದೊರೆಗಳಿಗೆ ಗಂಟೆಗಟ್ಟಲೆ ಚೆಂಡೆಸೆದು ಎಡಗೈ ಸ್ಪಿನ್ ಪಳಗಿಸಿಕೊಂಡರು. ಬ್ಯಾಟನ್ನು ಮಾತ್ರ ಯಾರೂ ಅವರ ಕೈಗೆ ಕೊಡಲಿಲ್ಲ. ಯುರೋಪಿಯನ್ನರನ್ನು ಸೋಲಿಸುವ ಆಸೆಗೆ ಪುಣೆಯ ಹಿಂದೂಗಳು ಅವರನ್ನು ತಂಡಕ್ಕೆ ಕರೆದರು. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರೂ ಹಿಂದೂ ತಂಡ ಅವರನ್ನು ನಾಯಕರನ್ನಾಗಿ ಆರಿಸಲಿಲ್ಲ. ಆ ಪಟ್ಟ 1923ರಲ್ಲಿ ತಮ್ಮ ವಿಠ್ಠಲನಿಗೆ ದಕ್ಕಿತು.

ನಮ್ಮ ಸೊಸೈಟಿಯ ಪ್ರಸ್ತಾಪ ಮುಂದಿನ ತಿಂಗಳು ಮತ್ತೆ ಸಭೆಗೆ ಬರಲಿದೆ.