ಪದವಿಯ ತ್ಯಾಗವೂ ತೊಟ್ಟಿಲ ಕಾಯಕವೂ



ಕಳೆದ ಶ್ರಾವಣಮಾಸದಲ್ಲಿ ಔರಾದ ತಾಲೂಕಿನ ಚಿಂತಾಕಿಯಲ್ಲಿ ಪ್ರವಚನ ಮುಗಿಸಿ ಕುಳಿತಿದ್ದೆವು. ಆಗ ಶ್ರೀಮಠದ ಶಾಲೆಯಲ್ಲಿ ಓದಿ ಇಂಜಿನಿಯರಾಗಿ ಸರ್ಕಾರಿ ನೌಕರಿಯಲ್ಲಿರುವ ಹೆಣ್ಣುಮಗಳೊಬ್ಬಳು ಹನ್ನೊಂದು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಜೊತೆಯಲ್ಲಿ ಪತಿ, ಮಾವ, ತವರಿನ ತಂದೆ. ಮಾವನವರು, “ಮನೆಗೆ ಏನೂ ಕಡಿಮೆ ಇಲ್ಲ, ನೌಕರಿ ಬಿಟ್ಟು ಕೂಸನ್ನು ನೋಡಿಕೊಂಡಿರಲಿ ಎಂದು ತಾವೇ ಅಪ್ಪಣೆ ಕೊಡಿಸಬೇಕು” ಎಂದರು. ತಂದೆ ತಡೆಯಲಾರದೆ, “ತೊಗರಿ ಹೊಲದ ಮೇಲೆ ಸಾಲ ಮಾಡಿ ಓದಿಸೀನ್ರಿ ಅಪ್ಪಾವರೆ” ಎಂದರು. ಮಗಳು ಎರಡಕ್ಕೂ ಉತ್ತರಿಸದೆ, “ಅಪ್ಪಾವರೆ, ನಾ ನೌಕರಿ ಬಿಡಲೇನ್ರಿ?” ಎಂದಷ್ಟೇ ಕೇಳಿದಳು.

ಅಂದು ನಾವು ಒಮ್ಮೆಗೇ ಉತ್ತರ ಕೊಡಲಿಲ್ಲ. ತ್ಯಾಗದ ಮಹಿಮೆಯನ್ನು ಕುರಿತು ಎಷ್ಟೋ ಪ್ರವಚನಗಳನ್ನು ಹೇಳಿದ ನಾಲಗೆ ತಡವರಿಸಿತು. ಏಕೆಂದರೆ ಇನ್ನೊಬ್ಬರ ತ್ಯಾಗವನ್ನು ಆಶೀರ್ವದಿಸುವುದು ಬಲು ಸುಲಭ. ಅಲ್ಲದೆ ಈ ವಿಷಯದಲ್ಲಿ ಹಿಂದೊಮ್ಮೆ ನಾವು ತಪ್ಪಿದ್ದೇವೆ. ಅದನ್ನು ಮುಂದೆ ನಿವೇದಿಸುತ್ತೇವೆ. ಮೊದಲು ಇತಿಹಾಸ ಏನು ಹೇಳುತ್ತದೆಂಬುದನ್ನು ವಾಚಕರು ನಮ್ಮೊಡನೆ ನೋಡಬೇಕು.

ಮಗುವಿಗಾಗಿ ಉದ್ಯೋಗ ಬಿಡಬೇಕೆ ಎಂಬ ಪ್ರಶ್ನೆ ಬಹು ಪ್ರಾಚೀನವಾದುದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಮ್ಮ ಬೀದರ ಜಿಲ್ಲೆಯಲ್ಲಿಯೇ ಇರುವ ಕಲ್ಯಾಣವನ್ನು ನೆನೆಯಿರಿ. 12ನೆಯ ಶತಮಾನದ ಮೇದರ ಕೇತಯ್ಯ ಬುಟ್ಟಿ ಹೆಣೆಯುತ್ತಿದ್ದರು. ಆಯ್ದಕ್ಕಿ ಮಾರಯ್ಯನವರು ಅಕ್ಕಿ ಆಯುತ್ತಿದ್ದರು, ಅವರ ಪತ್ನಿ ಲಕ್ಕಮ್ಮನವರು ಆ ಕಾಯಕದ ಅಳತೆಯನ್ನು ಕಾಯುತ್ತಿದ್ದರು. ಅಂದಿನ ಕಸುಬುಗಳಲ್ಲಿ ಬಹುಪಾಲಿಗೆ ಮನೆಯೇ ಕಮ್ಮಟವಾಗಿತ್ತು. ಮಗ್ಗದ ಪಕ್ಕದಲ್ಲಿ ತೊಟ್ಟಿಲು ತೂಗಾಡುತ್ತಿದ್ದ ಕಾಲದಲ್ಲಿ ಮಗ್ಗವೋ ತೊಟ್ಟಿಲೋ ಎಂಬ ಆಯ್ಕೆ ಯಾರ ಮುಂದೆಯೂ ಬರುವಂತಿರಲಿಲ್ಲ. ಕೆಲಸವು ಮನೆಯ ಹೊಸ್ತಿಲು ದಾಟಿ, ಗಡಿಯಾರವುಳ್ಳ ಕಚೇರಿಯನ್ನು ಸೇರಿದ ದಿನ ಈ ಪ್ರಶ್ನೆ ಹುಟ್ಟಿತು.

ಇನ್ನೊಂದು ಮಾತು. ಅಧಿಕಾರ ಬಿಡುವುದು ಈ ನೆಲಕ್ಕೆ ಹೊಸತಲ್ಲ. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ಎಲ್ಲವನ್ನೂ ಬಿಟ್ಟು ಕೂಡಲಸಂಗಮಕ್ಕೆ ತೆರಳಿದರು. ಅವರನ್ನು ನಿರುದ್ಯೋಗಿಯೆಂದು ಕರೆದವರಿಲ್ಲ. ಬಿಟ್ಟುದು ಯಾವುದು ಎಂಬುದಕ್ಕಿಂತ ಏಕೆ ಬಿಟ್ಟರು, ತಾವಾಗಿ ಬಿಟ್ಟರೆ ಎಂಬುದನ್ನು ಜನ ನೋಡಿದರು. ಈ ಅಳತೆಗೋಲನ್ನು ವಾಚಕರು ಕೈಯಲ್ಲಿ ಹಿಡಿದಿರಬೇಕೆಂದು ಕೋರುತ್ತೇವೆ.

ಔರಾದ ಸೀಮೆಯ ಹೊಲಗಳಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿತ್ತು. ಬದುವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ, ಕೂಸನ್ನು ಅದರಲ್ಲಿ ಮಲಗಿಸಿ ತಾಯಿ ಕಳೆ ತೆಗೆಯಲು ಹೋಗುವಳು. ಜೋಳಿಗೆ ತೂಗುವವರು ಯಾರು? ಏಳೆಂಟು ವರ್ಷದ ಅಕ್ಕ. ತಾಯಿಯ ಕೂಲಿ ನಿಲ್ಲಬಾರದೆಂದು ಆ ಹುಡುಗಿಯ ಶಾಲೆ ನಿಂತುಹೋಗುತ್ತಿತ್ತು. ಮಗುವಿನ ಪಾಲನೆಗಾಗಿ ತನ್ನ ಬಾಳನ್ನು ಬಿಟ್ಟುಕೊಟ್ಟವರ ಪಟ್ಟಿಯನ್ನು ಯಾರಾದರೂ ಬರೆದರೆ, ಅದರ ಮೊದಲ ಹೆಸರುಗಳು ಪದವೀಧರರದಾಗಿರಲಾರವು. ಅಕ್ಷರವನ್ನೇ ಕಾಣದ ಈ ಅಕ್ಕಂದಿರದಾಗಿರುತ್ತವೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲೂಕಿನಲ್ಲಿ 100 ಅಂಗನವಾಡಿಗಳಿಂದ ಅದು ಮೊದಲಾಯಿತು. ಅಂಗನವಾಡಿಯೆಂದರೆ ಉಪ್ಪಿಟ್ಟು ಹಂಚುವ ಮನೆಯೆಂದು ಹಗುರವಾಗಿ ಮಾತನಾಡುವವರಿದ್ದಾರೆ. ಅದು ಆ ಅಕ್ಕನ ಕೈಯಿಂದ ಜೋಳಿಗೆಯ ಹಗ್ಗವನ್ನು ಬಿಡಿಸಿ ಪಾಟಿಯನ್ನು ಕೊಡಲು ನೆರವಾದ ಮನೆ ಎಂಬುದನ್ನು ಅವರು ಮರೆಯಬಾರದು.

ಇನ್ನು ಕಚೇರಿಯ ಲೋಕಕ್ಕೆ ಬರೋಣ. ವಿದ್ಯಾವಂತ ಮಹಿಳೆ ಅಲ್ಲಿಗೆ ಪ್ರವೇಶಿಸಿದಾಗ ಮನೆಯೋ ಪದವಿಯೋ ಎಂಬ ನಿರ್ಧಾರವನ್ನು ಅವಳಿಗೆ ಬಿಟ್ಟುಕೊಡಲಿಲ್ಲ. ಸರ್ಕಾರವೇ ನಿಯಮ ಬರೆದಿಟ್ಟಿತ್ತು. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ. ವಿವಾಹವಾದರೆ ರಾಜೀನಾಮೆ ಕೊಡುವೆನೆಂದು ಸೇವೆಗೆ ಸೇರುವಾಗಲೇ ಅವರಿಂದ ಬರೆಯಿಸಿಕೊಳ್ಳಲಾಗಿತ್ತು. ಮುಂದಿನ ನಿಯಮಗಳಲ್ಲಿಯೂ ಮಹಿಳಾ ಅಧಿಕಾರಿ ವಿವಾಹಕ್ಕೆ ಮುನ್ನ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಹೊಣೆಯು ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದಾಗಿತ್ತು. ಪುರುಷ ಅಧಿಕಾರಿಗೆ ಇಂತಹ ಕಟ್ಟಳೆ ಇರಲಿಲ್ಲ. ಅವಿವಾಹಿತರಾಗಿಯೇ ಉಳಿದ ಮುತ್ತಮ್ಮನವರು ರಾಯಭಾರಿಯಾಗಿ ಸೇವೆ ಸಲ್ಲಿಸಿದ ಮೇಲೂ ಬಡ್ತಿ ತಡೆದಾಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅರ್ಜಿ ಬಾಕಿಯಿರುವಾಗಲೇ ಬಡ್ತಿ ದೊರೆಯಿತು. ಆದರೂ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಕಟುವಾಗಿ ಖಂಡಿಸಿ, ಸಂಸಾರದ ಹೊಣೆಯು ಹೆಣ್ಣಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕರ್ತವ್ಯಕ್ಕೂ ಆಗಬಹುದಲ್ಲವೆ ಎಂಬ ಭಾವದ ಮಾತನ್ನು ತೀರ್ಪಿನಲ್ಲಿ ಬರೆದರು. ಆ ತೀರ್ಪು ಬಂದುದು 1979ರ ಸಪ್ಟೆಂಬರ್ 17ರಂದು. 1948ರಲ್ಲಿ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ನಮ್ಮ ಭಾಗದ ಜನ ವಿಮೋಚನೆಯ ದಿನವೆಂದು ಆಚರಿಸುವ ತಿಥಿಯೂ ಅದೇ ಆಗಿರುವುದು ಆಕಸ್ಮಿಕ. ಆದರೆ ನೆನಪಿಡತಕ್ಕ ಆಕಸ್ಮಿಕ.

ಅದಾದ ಎರಡು ವರ್ಷಗಳಿಗೆ, 1981ರಲ್ಲಿ, ವಿಮಾನ ಪರಿಚಾರಿಕೆಯರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಮೊದಲ ಗರ್ಭಧಾರಣೆಗೇ ಕೆಲಸದಿಂದ ತೆಗೆಯುವ ನಿಯಮವನ್ನು ರದ್ದುಪಡಿಸಿತು. ಅಲ್ಲಿಯವರೆಗೆ ಬಸುರಿಯಾದ ಪರಿಚಾರಿಕೆ ಮನೆಗೆ ಮರಳಿದರೆ ಅದನ್ನು ಮಾತೃತ್ವದ ತ್ಯಾಗವೆಂದು ಹೊಗಳಲು ಸಾಧ್ಯವೆ? ಕೈಯಿಂದ ಕಿತ್ತುಕೊಂಡುದನ್ನು ದಾನವೆಂದು ಕರೆಯಲಾಗದು. ಹಿಡಿದುಕೊಳ್ಳುವ ಹಕ್ಕು ಇದ್ದವರು ಮಾತ್ರ ಬಿಡಬಲ್ಲರು. ವಾಚಕರೆ, ಈ ಲೇಖನದ ತಿರುಳು ಇಷ್ಟೇ.

ಹಕ್ಕಿದ್ದು ಬಿಟ್ಟವರ ಉದಾಹರಣೆಯೂ ನಮ್ಮ ನಾಡಿನಲ್ಲಿದೆ. ಶಿಗ್ಗಾಂವಿಯಲ್ಲಿ 1950ರಲ್ಲಿ ಜನಿಸಿದ ಸುಧಾ ಮೂರ್ತಿಯವರು ಹುಬ್ಬಳ್ಳಿಯ ಭೂಮರೆಡ್ಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಓದಿದರು. ಪುರುಷರು ಮಾತ್ರ ಅರ್ಜಿ ಹಾಕಬೇಕೆಂಬ ಟೆಲ್ಕೊ ಕಂಪನಿಯ ಜಾಹೀರಾತನ್ನು ಕಂಡು ಜೆ. ಆರ್. ಡಿ. ಟಾಟಾ ಅವರಿಗೆ ಒಂದು ಕಾರ್ಡು ಬರೆದು ಪ್ರಶ್ನಿಸಿ, ಸಂದರ್ಶನಕ್ಕೆ ಕರೆಬಂದು ಆ ಕೆಲಸವನ್ನು ಗಳಿಸಿದ ಕಥೆಯನ್ನು ಅವರೇ ಬರೆದಿದ್ದಾರೆ. 1981ರಲ್ಲಿ ಪತಿ ನಾರಾಯಣ ಮೂರ್ತಿಯವರು ಗೆಳೆಯರೊಡನೆ ಇನ್ಫೋಸಿಸ್ ಸಂಸ್ಥೆ ಕಟ್ಟಲು ಹೊರಟಾಗ ತಮ್ಮ ಉಳಿತಾಯದ 10,000 ರೂಪಾಯಿಗಳನ್ನು ಕೊಟ್ಟರು. ಅಷ್ಟು ಹೋರಾಡಿ ಪಡೆದ ಟೆಲ್ಕೊ ಕೆಲಸವನ್ನೂ ಬಿಟ್ಟರು. ಪತಿಪತ್ನಿಯರಿಬ್ಬರೂ ಒಂದೇ ಸಂಸ್ಥೆಯಲ್ಲಿ ಇರಬಾರದೆಂಬ ಪತಿಯ ನಿಲುವಿಗೆ ಒಪ್ಪಿ, 1980ರಲ್ಲಿ ಮತ್ತು 1983ರಲ್ಲಿ ಜನಿಸಿದ ಇಬ್ಬರು ಮಕ್ಕಳ ಹಾಗೂ ಮನೆಯ ಭಾರವನ್ನು ವಹಿಸಿಕೊಂಡರು. ಆ ನಿರ್ಧಾರ ನೋವಿಲ್ಲದುದಾಗಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅಧ್ಯಾಪನ, ಬರವಣಿಗೆ, 1996ರಲ್ಲಿ ಆರಂಭವಾದ ಇನ್ಫೋಸಿಸ್ ಪ್ರತಿಷ್ಠಾನದ ಸೇವೆ ಇವು ನಾಡಿಗೆ ತಿಳಿದಿರುವ ಸಂಗತಿಗಳು. ಆದರೆ ನಮ್ಮ ಗಮನ ಸೆಳೆಯುವುದು ಬೇರೊಂದು. ಪತ್ನಿಯನ್ನು ಸಂಸ್ಥೆಯಿಂದ ದೂರವಿಟ್ಟ ತಮ್ಮ ನಿಲುವು ತಪ್ಪಾಗಿತ್ತೆಂದು ನಾರಾಯಣ ಮೂರ್ತಿಯವರು 2024ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅಷ್ಟು ದೊಡ್ಡ ಮನೆಯಲ್ಲಿಯೂ ಈ ಲೆಕ್ಕ ಚುಕ್ತಾ ಆಗಲು ನಾಲ್ಕು ದಶಕಗಳೇ ಹಿಡಿದವು.

ಉಳಿದ ಮನೆಗಳ ಲೆಕ್ಕವೇನು? 2011ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು ಹೇಳಿದ ಮಹಿಳೆಯರು ಸುಮಾರು 16 ಕೋಟಿ. ಪುರುಷರು ಸುಮಾರು 58 ಲಕ್ಷ. ಆ 58 ಲಕ್ಷವನ್ನು ಓದುವಾಗ ನಮಗೆ ಆಶ್ಚರ್ಯವಾಯಿತು. ಮನೆ ನೋಡಿಕೊಳ್ಳುವ ಗಂಡಸರು ಇಲ್ಲವೇ ಇಲ್ಲವೆಂದು ನಾವು ನಂಬಿದ್ದೆವು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಮಹಿಳೆ ದಿನಕ್ಕೆ 299 ನಿಮಿಷ, ಪುರುಷ 97 ನಿಮಿಷ ದುಡಿಯುತ್ತಾರೆ. ಇಷ್ಟಾದರೂ ಜನಗಣತಿಯು ಇವರನ್ನು ಕೆಲಸ ಮಾಡದವರ ಸಾಲಿಗೆ ಸೇರಿಸುತ್ತ ಬಂದಿದೆ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅಪಘಾತದ ಪರಿಹಾರದ ಪ್ರಕರಣವೊಂದರಲ್ಲಿ ಗೃಹಿಣಿಯ ದುಡಿಮೆಗೂ ಆದಾಯವನ್ನು ಕಟ್ಟಬೇಕೆಂದು ವಿವರವಾಗಿ ಹೇಳಿತು. ಸತ್ತ ಮೇಲೆ ನ್ಯಾಯಾಲಯ ಕಟ್ಟುವ ಬೆಲೆಯನ್ನು ಬದುಕಿರುವಾಗ ಮನೆಯವರು ಕಟ್ಟಬಾರದೆ?

ಕಾನೂನು ನಿಧಾನವಾಗಿಯಾದರೂ ನಡೆದಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರಗಳ ರಜೆ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿ, 50 ಮಂದಿ ದುಡಿಯುವೆಡೆಯಲ್ಲಿ ಶಿಶುಪಾಲನೆಯ ಕೋಣೆ ಇರಬೇಕೆಂದು ವಿಧಿಸಿತು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಿಂದ ಒಟ್ಟು 730 ದಿನಗಳ ಶಿಶುಪಾಲನಾ ರಜೆ ದೊರೆಯಿತು. 2018ರಲ್ಲಿ ಪತ್ನಿಯಿಲ್ಲದೆ ಮಕ್ಕಳನ್ನು ಸಾಕುವ ತಂದೆಯರಿಗೂ ಅದು ವಿಸ್ತರಿಸಿತು. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನು ನೀಡಿತು. ಬಿಡುವುದಕ್ಕೂ ಉಳಿಯುವುದಕ್ಕೂ ನಡುವೆ ಒಂದು ಅಂಗಳವಿದೆ ಎಂಬುದನ್ನು ನಮ್ಮ ಹಳ್ಳಿಗಳ ಹಿರಿಯರು ಇನ್ನೂ ಅರಿತಿಲ್ಲ. ಆಯ್ಕೆ ಎರಡೇ ಎಂದು ತಿಳಿದು ಹೆಣ್ಣುಮಕ್ಕಳನ್ನು ಅವಸರಪಡಿಸುತ್ತಾರೆ.

ನಮ್ಮ ಭಾಗದಲ್ಲಿ ಈ ಅವಸರದ ಬೆಲೆ ಇನ್ನೂ ಹೆಚ್ಚು. ದಶಕಗಳ ಹೋರಾಟದ ಫಲವಾಗಿ 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು, ಈ ಸೀಮೆಯ ಹುದ್ದೆಗಳಲ್ಲಿ ‘ಸಿ’ ವೃಂದದಲ್ಲಿ ನೂರಕ್ಕೆ 80, ‘ಡಿ’ ವೃಂದದಲ್ಲಿ 85 ಸ್ಥಳೀಯರಿಗೆ ಮೀಸಲಾದವು. ಎಷ್ಟೋ ಮನೆಗಳಲ್ಲಿ ಮೊದಲ ಸರ್ಕಾರಿ ನೌಕರಿ ಬಂದುದು ಹೀಗೆ. ರಾಜೀನಾಮೆ ಬರೆಯಲು ಒಂದು ಹಾಳೆ ಸಾಕು. ವಯೋಮಿತಿ ದಾಟಿದ ಮೇಲೆ ಮರಳಿ ಬರುವ ದಾರಿ ಇಲ್ಲ.

ಈಗ ನಮ್ಮ ತಪ್ಪನ್ನು ನಿವೇದಿಸುತ್ತೇವೆ. ಬಹಳ ವರ್ಷಗಳ ಹಿಂದೆ ಶಿಕ್ಷಕರೊಬ್ಬರು ಪತ್ನಿ ತೀರಿಕೊಂಡ ತಿಂಗಳಲ್ಲಿ ನಮ್ಮಲ್ಲಿಗೆ ಬಂದು, ಕೆಲಸ ಬಿಟ್ಟು ಇಬ್ಬರು ಎಳೆಯ ಮಕ್ಕಳನ್ನು ತಾವೇ ಸಾಕುವುದಾಗಿ, ಹೊಲದ ಆದಾಯದಲ್ಲಿ ಬದುಕುವುದಾಗಿ ಹೇಳಿದರು. ನಾವು ಆಗ ತರುಣರು. “ಗಂಡಸಾದವನು ಒಲೆಯ ಮುಂದೆ ಕೂಡುವುದೆ? ಮಕ್ಕಳನ್ನು ಪ್ರಸಾದನಿಲಯದಲ್ಲಿ ಬಿಡಿ” ಎಂದೆವು. ಅವರು ಗುರುವಾಕ್ಯವೆಂದು ನಡೆದುಕೊಂಡರು. ಅನ್ನಕ್ಕೆ, ಅಕ್ಷರಕ್ಕೆ ಕೊರತೆಯಾಗಲಿಲ್ಲ. ಆದರೆ ಕಿರಿಯ ಹುಡುಗ ಸಂಜೆ ಬಸ್ಸು ಬರುವ ಹೊತ್ತಿಗೆ ಮಠದ ಬಾಗಿಲಲ್ಲಿ ನಿಂತಿರುತ್ತಿದ್ದ. ತಂದೆ ಬರುವುದು ಭಾನುವಾರವೆಂದು ಅವನಿಗೆ ಗೊತ್ತಿತ್ತು. ಆದರೂ ದಿನವೂ ನಿಲ್ಲುತ್ತಿದ್ದ. ಆ ತಂದೆ ತಾನಾಗಿ ಮಾಡಹೊರಟಿದ್ದ ಕಾಯಕವನ್ನು ಗಂಡಸಿಗೆ ತಕ್ಕುದಲ್ಲವೆಂದು ನಾವು ತಪ್ಪಿಸಿದ್ದೆವು. ಬಲವಂತದಿಂದ ಬಿಡಿಸುವುದು ಹೇಗೆ ಅನ್ಯಾಯವೋ, ಬಿಡಬಯಸಿದವನನ್ನು ನಾಚಿಸಿ ತಡೆಯುವುದೂ ಹಾಗೆಯೇ ಅನ್ಯಾಯ.

ಆದುದರಿಂದ ಚಿಂತಾಕಿಯಲ್ಲಿ ನಾವು ಮೊದಲು ಮಾತನಾಡಿಸಿದ್ದು ಅವಳ ಪತಿಯನ್ನು. “ತಮ್ಮಾ, ಮನೆಯಲ್ಲಿ ಒಬ್ಬರು ಇರಲೇಬೇಕೆಂದಾದರೆ ಅದು ನೀನೇಕೆ ಆಗಬಾರದೆಂದು ಒಮ್ಮೆಯಾದರೂ ಯೋಚಿಸಿದೆಯಾ?” ಎಂದೆವು. ಅವನು ತಲೆ ತಗ್ಗಿಸಿ, “ಇಲ್ರಿ ಅಪ್ಪಾವರೆ” ಎಂದ. ಸುಳ್ಳು ಹೇಳಲಿಲ್ಲವೆಂದು ಸಂತೋಷಪಟ್ಟೆವು. ಮಗಳಿಗೆ ಹೇಳಿದೆವು: “ತಾಯೀ, ರಾಜೀನಾಮೆಗೆ ಮೊದಲು ರಜೆಯ ಅರ್ಜಿ ಬರೆ. ರಜೆ ಮುಗಿಯುವಾಗ ಇಬ್ಬರೂ ಕುಳಿತು ನಿರ್ಧರಿಸಿರಿ. ಆಗಲೂ ಬಿಡಬೇಕೆನಿಸಿದರೆ ಬಿಡು, ಅದು ಕಾಯಕವೇ. ಆದರೆ ಬೇರೆ ಯಾರ ಅಪ್ಪಣೆಯಿಂದಲೂ ಬಿಡಬೇಡ, ನಮ್ಮ ಅಪ್ಪಣೆಯಿಂದಂತೂ ಬೇಡ.” ಮಾವನವರಿಗೆ ಹೇಳಿದ್ದು ಇಷ್ಟು: “ಅವಳು ಮನೆಯಲ್ಲಿ ಕುಳಿತರೆ ಈ ಮನೆಯ ಗಳಿಕೆಯಲ್ಲಿ ಅವಳ ಹೆಸರಿನ ಪಾಲು ತಿಂಗಳು ತಿಂಗಳು ಅವಳ ಖಾತೆಗೆ ಹೋಗಬೇಕು. ಅದಕ್ಕೆ ಒಪ್ಪದವರು ತ್ಯಾಗದ ಮಾತನ್ನೆತ್ತಬಾರದು.” ಅವಳ ತಂದೆಯವರು ಮಾತನಾಡಲಿಲ್ಲ, ಮೊಮ್ಮಗನನ್ನು ಎತ್ತಿಕೊಂಡರು.

ಮುಂದೆ ಅವಳು ಏನು ನಿರ್ಧರಿಸಿದಳೆಂದು ವಾಚಕರು ಕೇಳಬಹುದು. ಅದು ಅವಳ ಮನೆಯ ಸಂಗತಿ. ನಿಮ್ಮ ಮನೆಯಲ್ಲಿ ಇಂಥದೇ ಪ್ರಶ್ನೆ ಎದ್ದಾಗ, ಬಿಡುವವರಿಗೆ ಹಿಡಿಯುವ ಹಕ್ಕಿದೆಯೆ ಎಂದು ಮೊದಲು ನೋಡಿರಿ. ತೊಟ್ಟಿಲು ತೂಗುವ ಕೈ ತಾಯಿಯದಾಗಲಿ ತಂದೆಯದಾಗಲಿ, “ಈಗ ಮನೆಯಲ್ಲಿ ಸುಮ್ಮನೆ ಇದ್ದೀರಾ?” ಎಂದು ಮಾತ್ರ ಕೇಳಬೇಡಿರಿ.