ಹಳೇ ಗಾಡಿ, ಹೊಸ ಮಾಡೆಲ್: ಯಾವ ಇಸವಿ ನೋಡಬೇಕು?

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ನಮ್ಮ ಕಡೆ ಮಾತಿದೆ. ನೋಡೋಕೆ ಬರುವವರಿಗೆ ಕಣ್ಣು ಸಾಕು. ಇಲ್ಲೇ ಇರುವ ನಮಗೆ ಕಾಲೂ ಬೇಕು. ಕಾಳು ಮಾರೋಕೆ ಗಂಗಾವತಿ, ಜಿಲ್ಲಾ ಆಸ್ಪತ್ರೆಗೆ ಕೊಪ್ಪಳ, ಬೀಗರ ಮನೆಗೆ ಕುಷ್ಟಗಿ, ಯಲಬುರ್ಗಾ. ಹಗಲಲ್ಲಿ ಬಸ್ಸು, ಟಂಟಂ ಸಿಗುತ್ತವೆ. ರಾತ್ರಿ ಹನ್ನೊಂದಕ್ಕೆ ಹೆರಿಗೆ ನೋವು ಶುರುವಾದರೆ ಓಣಿಯಲ್ಲಿ ಯಾರ ಮನೆ ಮುಂದೆ ಕಾರು ನಿಂತಿದೆ ಅಂತ ಹುಡುಕಬೇಕು.

ಅಂಥ ಒಂದು ಕಾರು ನಮ್ಮ ಬಳಗದ ಒಬ್ಬರ ಮನೆ ಮುಂದಿದೆ. 2013ರ ಡೀಸೆಲ್ ಹ್ಯಾಚ್‌ಬ್ಯಾಕ್. ಅಂದರೆ ಹಿಂದೆ ಡಿಕ್ಕಿ ಚಾಚಿಕೊಂಡಿರದ, ಹಿಂಬಾಗಿಲನ್ನು ಮೇಲಕ್ಕೆತ್ತಿ ಸಾಮಾನು ತುಂಬುವ ಸಣ್ಣ ಕಾರು. ಮೂರು ತಿಂಗಳಿಂದ ಆ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಮಾತು.

"ಅಪ್ಪಾ, ಹೊಸಾ ಮಾಡೆಲ್ ಬಂದೈತಿ. ಟ್ಯಾಕ್ಸೂ ಇಳದೈತಿ. ಈಗ ಬಿಟ್ರ ಮತ್ಯಾವಾಗ?" ಅಂತ ಹಿರಿಯ ಮಗ.

"ಇದಕ್ಕೇನ್ ಧಾಡಿ ಆಗೇತಿ? ಕೀಲಿ ತಿರುವಿದ್ರ ಚಾಲೂ ಆಗ್ತೈತಿ" ಅಂತ ಅಪ್ಪ.

ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರ ಪರ ನಿಲ್ಲಬೇಕು ಅಂತ ತಿಳಿಯದೆ ನಾವು ಈ ಸಣ್ಣ ಕಾರುಗಳ ನಲವತ್ತು ವರ್ಷದ ಕಥೆಯನ್ನು ತಿರುವಿ ಹಾಕಿದೆವು.

ಹೆಸರು ಒಂದೇ, ಮೈಕಟ್ಟು ಬೇರೆ

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮಾರುತಿ 800 ಕಾರಿನ ಮೊದಲ ಕೀಲಿಯನ್ನು ಗಿರಾಕಿಯ ಕೈಗೆ ಕೊಟ್ಟರು. 796 ಸಿಸಿಯ, ಮೂರು ಸಿಲಿಂಡರಿನ ಪುಟ್ಟ ಇಂಜಿನ್. ಆಗ ಕನಕಗಿರಿ ಇದ್ದದ್ದು ರಾಯಚೂರು ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿ. ನಮ್ಮ ಹಿರಿಯರಿಗೆ ಕಾರು ಅಂದರೆ ಅಂಬಾಸಿಡರ್, ಇಲ್ಲವೇ ಸಾಹೇಬರ ಜೀಪು.

ಮೂರೇ ವರ್ಷಕ್ಕೆ, 1986ರಲ್ಲಿ, ಅದೇ ಮಾರುತಿ 800 ಹೊಸ ಮೈಕಟ್ಟಿನಲ್ಲಿ ಬಂತು. ಹೆಸರು ಅದೇ, ಇಂಜಿನ್ನಿನ ಅಳತೆಯೂ ಅದೇ. ನಮ್ಮ ದೇಶದ ಹ್ಯಾಚ್‌ಬ್ಯಾಕ್ ಮಾಲೀಕನ ತಲೆಗೆ "ಹಳೇದು ಕೊಟ್ಟು ಹೊಸದು ತಗೋಬೇಕಾ?" ಎಂಬ ಹುಳ ಹೊಕ್ಕಿದ್ದು ಆಗಲೇ ಇರಬೇಕು. ಆ ಎರಡನೇ ಮೈಕಟ್ಟೇ ಸಣ್ಣಪುಟ್ಟ ಬದಲಾವಣೆ ಕಂಡು 2014ರ ಜನವರಿವರೆಗೆ ತಯಾರಾಯಿತು. ಒಟ್ಟು 25 ಲಕ್ಷಕ್ಕೂ ಹೆಚ್ಚು ಮಾರುತಿ 800 ಮಾರಾಟವಾದವು.

1998ರಲ್ಲಿ ಸ್ಯಾಂಟ್ರೋ ಬಂತು, ಅದೇ ವರ್ಷದ ಕೊನೆಗೆ ಟಾಟಾ ಇಂಡಿಕಾ ಬಂತು. ಡೀಸೆಲ್ ಇಂಡಿಕಾ ನಮ್ಮ ಊರುಗಳಿಗೆ ಬಾಡಿಗೆ ಗಾಡಿಯಾಗಿ ಕಾಲಿಟ್ಟಿತು. 2005ರಲ್ಲಿ ಸ್ವಿಫ್ಟ್ ಬಂತು. ಅದರ ಹೊಸ ತಲೆಮಾರುಗಳು 2011, 2018 ಮತ್ತು 2024ರಲ್ಲಿ ಬಂದವು. ಆರೇಳು ವರ್ಷಕ್ಕೊಮ್ಮೆ ದೀಪದ ಆಕಾರ, ಒಳಗಿನ ಡ್ಯಾಶ್‌ಬೋರ್ಡ್ ಬದಲಾಗುತ್ತವೆ. ಇದು ಕಂಪನಿ ಹಾಕಿಕೊಂಡ ಪಂಚಾಂಗ. ನಮ್ಮ ಮನೆಯ ಅಗತ್ಯ ಅದರ ಪ್ರಕಾರ ನಡೆಯುವುದಿಲ್ಲ.

ತೆರಿಗೆ ಹಾಕಿದ ಅಳತೆ

ಸಣ್ಣ ಕಾರುಗಳೆಲ್ಲ ನಾಲ್ಕು ಮೀಟರ್ ಒಳಗೇ ಯಾಕೆ ಇರುತ್ತವೆ? ಪೆಟ್ರೋಲ್ ಇಂಜಿನ್ನು 1197, 1198 ಸಿಸಿ ಅಂತ ಯಾಕೆ ಇರುತ್ತವೆ, 1250 ಯಾಕಿಲ್ಲ?

ಉತ್ತರ 2006ರ ಕೇಂದ್ರ ಬಜೆಟ್ಟಿನಲ್ಲಿದೆ. ಉದ್ದ 4 ಮೀಟರ್ ಮೀರದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಕಾರನ್ನು "ಸಣ್ಣ ಕಾರು" ಎಂದು ಕರೆದು, ಅದರ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಕಂಪನಿಗಳು ಟೇಪು ಹಿಡಿದು ಕಾರು ಕತ್ತರಿಸತೊಡಗಿದವು. 2005ರಲ್ಲಿ 1298 ಸಿಸಿ ಇದ್ದ ಸ್ವಿಫ್ಟಿನ ಪೆಟ್ರೋಲ್ ಇಂಜಿನ್ 2010ರಲ್ಲಿ 1197 ಸಿಸಿಗೆ ಇಳಿಯಿತು.

ಈ ಗೆರೆ ಇಂದಿಗೂ ಇದೆ. 2025ರ ಸೆಪ್ಟೆಂಬರ್ 22ರಿಂದ ಇದೇ ಅಳತೆಯ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಮೇಲಿನ ಸೆಸ್ ಕೂಡ ಹೋಗಿದೆ. ಮಗ ಹೇಳಿದ "ಟ್ಯಾಕ್ಸ್ ಇಳದೈತಿ" ಇದೇ. ಆದರೆ ರಾಜ್ಯದ ಆಜೀವ ತೆರಿಗೆ ಬೇರೆ ಇದೆ. 5ರಿಂದ 10 ಲಕ್ಷದ ಕಾರಿಗೆ ಶೇ. 14. ಏಳು ಲಕ್ಷದ ಕಾರಿಗೆ 98,000 ರೂಪಾಯಿ, ಅದರ ಮೇಲೆ ಮತ್ತೆ ಸೆಸ್ಸು, ವಿಮೆ.

ಡೀಸೆಲ್ಲಿನ ಸುಗ್ಗಿ

ಇನ್ನು ಅಪ್ಪನ ಗಾಡಿ. ಅವರು 2013ರಲ್ಲಿ ಡೀಸೆಲ್ಲೇ ಬೇಕು ಅಂದದ್ದು ಹಟಕ್ಕಲ್ಲ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ದರವನ್ನು ಮಾರುಕಟ್ಟೆಗೆ ಬಿಟ್ಟಿತು, ಡೀಸೆಲ್ ದರವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡಿತು. ಎರಡರ ನಡುವೆ ಇಪ್ಪತ್ತು ರೂಪಾಯಿಗೂ ಮೀರಿ ಅಂತರ ಬಿತ್ತು. ಹೊಲ, ಮನೆ, ಗಂಗಾವತಿ ಅಂತ ಓಡಾಡುವವರು ಡೀಸೆಲ್ ಹಿಡಿದದ್ದು ಸರಿಯಾದ ಲೆಕ್ಕವೇ ಆಗಿತ್ತು.

2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವೂ ಮುಕ್ತವಾಯಿತು. 2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮ, ಬಿಎಸ್-6, ಬಂತು. ಸಣ್ಣ ಡೀಸೆಲ್ ಇಂಜಿನ್ನನ್ನು ಆ ಮಟ್ಟಕ್ಕೆ ತರಲು ಆಗುವ ಖರ್ಚು ಗಿಟ್ಟುವುದಿಲ್ಲ ಎಂದು ಮಾರುತಿ ಡೀಸೆಲ್ಲನ್ನೇ ಬಿಟ್ಟಿತು, ಉಳಿದವರೂ ಸಣ್ಣ ಕಾರಿನಲ್ಲಿ ಒಬ್ಬೊಬ್ಬರಾಗಿ ಕೈಬಿಟ್ಟರು. ಹಾಗಾಗಿ ಅಪ್ಪನಿಗೆ "ಇಂಥದ್ದೇ ಹೊಸದು" ಇನ್ನು ಸಿಗುವುದು ಕಷ್ಟ.

ವಾಟ್ಸಾಪಿನಲ್ಲಿ ಓಡಾಡುವ ಒಂದು ಸುದ್ದಿಯನ್ನೂ ಇಲ್ಲೇ ತೀರಿಸೋಣ. "ಹತ್ತು ವರ್ಷ ಆದ ಡೀಸೆಲ್ ಗಾಡಿ ಬಂದ್" ಎಂಬ ನಿಯಮ ಹುಟ್ಟಿದ್ದು ದಿಲ್ಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ಕೊಪ್ಪಳ ಜಿಲ್ಲೆಗಲ್ಲ. ನಮ್ಮಲ್ಲಿ 15 ವರ್ಷ ತುಂಬಿದ ಮೇಲೆ ಗಾಡಿಯನ್ನು ತಪಾಸಣೆಗೆ ಒಡ್ಡಿ ನೋಂದಣಿ ನವೀಕರಿಸಬಹುದು. 2022ರ ಏಪ್ರಿಲ್‌ನಿಂದ ಕಾರಿಗೆ ಇದರ ಶುಲ್ಕ 5,000 ರೂಪಾಯಿ. ಅಪ್ಪನ ಗಾಡಿಗೆ ಆ ದಿನ ಬರುವುದು 2028ರಲ್ಲಿ. ಗಾಬರಿಗೆ ಮಾರುವ ಅಗತ್ಯವಿಲ್ಲ.

ಕಾನೂನು ತಂದ ತಲೆಮಾರು

ಇಲ್ಲಿವರೆಗಿನ ಕಥೆ ಓದಿದರೆ ಅಪ್ಪನೇ ಗೆದ್ದ ಹಾಗೆ ಕಾಣುತ್ತದೆ. ಆದರೆ ಇನ್ನೊಂದು ಕಥೆ ಇದೆ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಹೆಚ್ಚು ಓಡುತ್ತಿದ್ದ ಐದು ಸಣ್ಣ ಕಾರುಗಳ, ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್. ಆ ಕಾಲದಲ್ಲಿ ಏರ್‌ಬ್ಯಾಗು, ಎಬಿಎಸ್ ಸಿಗುತ್ತಿದ್ದದ್ದು ಹೆಚ್ಚಾಗಿ ದುಬಾರಿ ಮಾದರಿಗಳಲ್ಲಿ. ದುಡ್ಡು ಉಳಿಸಲು ಕೆಳಗಿನ ಮಾದರಿ ಕೊಂಡ ನಮ್ಮಂಥವರಿಗೆ ಅವು ಬರಲಿಲ್ಲ.

ಆಮೇಲೆ ಸರ್ಕಾರ ಒಂದೊಂದೇ ಗೆರೆ ಎಳೆಯಿತು:

2019 ಏಪ್ರಿಲ್: ಎಲ್ಲ ಕಾರಿಗೂ ಎಬಿಎಸ್. ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಬಿಗಿದು ಜಾರದಂತೆ ಇದು ತಡೆಯುತ್ತದೆ.

2019 ಜುಲೈ: ಚಾಲಕನಿಗೆ ಏರ್‌ಬ್ಯಾಗ್, ಮುಂದಿನ ಸೀಟಿಗೆ ಬೆಲ್ಟ್ ನೆನಪಿಸುವ ಸದ್ದು.

2019 ಅಕ್ಟೋಬರ್: ಹಳೇ ಮಾಡೆಲ್‌ಗಳೂ ಮುಂಬದಿ ಡಿಕ್ಕಿಯ ಪರೀಕ್ಷೆ ಪಾಸಾಗಬೇಕು.

2021ರ ಕೊನೆ: ಚಾಲಕನ ಪಕ್ಕ ಕೂತವರಿಗೂ ಏರ್‌ಬ್ಯಾಗ್.

2023 ಅಕ್ಟೋಬರ್: ನಮ್ಮದೇ ದೇಶದ ಸ್ಟಾರ್ ಪರೀಕ್ಷೆ, ಭಾರತ್ ಎನ್‌ಕ್ಯಾಪ್. ಇದು ಕಡ್ಡಾಯವಲ್ಲ, ಕಂಪನಿ ತಾನಾಗಿ ಒಡ್ಡಿಕೊಳ್ಳಬೇಕು.

ನಮಗೆ ಕಂಡದ್ದು ಇಷ್ಟು. ಕಂಪನಿಯ ತಲೆಮಾರು ಬೇರೆ, ಕಾನೂನಿನ ತಲೆಮಾರು ಬೇರೆ. ದೀಪದ ಆಕಾರ ಬದಲಾದರೆ ನಮ್ಮ ಮನೆಗೆ ಏನೂ ಆಗುವುದಿಲ್ಲ. 2013ರ ಗಾಡಿಗೂ 2022ರ ಗಾಡಿಗೂ ನಡುವೆ ಇರುವ ಈ ಗೆರೆಗಳು ಮಾತ್ರ ಜೀವಕ್ಕೆ ಸಂಬಂಧಪಟ್ಟವು.

ಊಟದ ತಟ್ಟೆ ಪಕ್ಕದ ಲೆಕ್ಕ

ಮತ್ತೆ ಆ ಮನೆಗೆ ಹೋಗಿ ಎಲ್ಲರೂ ಕೂತು ಲೆಕ್ಕ ಹಾಕಿದೆವು. ಗಾಡಿ ತಿಂಗಳಿಗೆ 600 ಕಿ.ಮೀ. ಓಡುತ್ತದೆ. ಹಳೆಯದು ಲೀಟರಿಗೆ 18 ಕೊಡುತ್ತದೆ. ಡೀಸೆಲ್ 91 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 3,030. ಹೊಸ ಪೆಟ್ರೋಲ್ ಗಾಡಿ 22 ಕೊಡುತ್ತದೆ ಅಂದುಕೊಂಡು, ಪೆಟ್ರೋಲ್ 103 ಹಿಡಿದರೆ ಸುಮಾರು 2,810. ಉಳಿತಾಯ ತಿಂಗಳಿಗೆ 220 ರೂಪಾಯಿ. ಐದು ಲಕ್ಷ ಸಾಲವನ್ನು ಶೇ. 9ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ಕಂತು ಸುಮಾರು 10,400 ರೂಪಾಯಿ.

"ಮೈಲೇಜಿಗಂತ ಹೊಸಾ ಗಾಡಿ ತಗಳೋದು ಸುಳ್ಳು ಆತು" ಅಂದರು ಅಪ್ಪ. ಮಗ ಸುಮ್ಮನಾದ. ಮಳೆ ನಂಬಿದ ಸಜ್ಜೆ, ತೊಗರಿಯ ಹೊಲ ಅವರದು. ಸುಗ್ಗಿ ವರ್ಷಕ್ಕೊಮ್ಮೆ, ಕಂತು ತಿಂಗಳಿಗೊಮ್ಮೆ.

ಆಗ ಸೊಸೆ ಮಾತಾಡಿದರು. ಆಕೆಗೆ ಈಗ ಆರು ತಿಂಗಳು. "ಮಾವಾರ, ಇದರಾಗ ಒಂದೂ ಏರ್‌ಬ್ಯಾಗ್ ಇಲ್ಲಲ್ರಿ. ರಾತ್ರಿ ಲಾರಿ ಎದುರು ಬರೋ ರಸ್ತೆ ಅದು."

ಅಪ್ಪ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹೊಸಾದ ಬೇಕಂತಿಲ್ಲಲ್ಲ? ನೀವು ಹೇಳಿದ ಆ ಗೆರೀ ದಾಟಿದ್ದು ಆದ್ರ ಆತು" ಅಂದರು.

ಈಗ ಆ ಮನೆಯವರು ಗಂಗಾವತಿಯಲ್ಲಿ 2022ರ ಒಂದು ಕೈ ಓಡಿದ ಪೆಟ್ರೋಲ್ ಗಾಡಿ ನೋಡಿ ಬಂದಿದ್ದಾರೆ. ಮಾರುವವರು "2022 ಮಾಡೆಲ್" ಅಂದ ಕೂಡಲೇ ಮಗ ಆರ್‌ಸಿ ಕೇಳಿ, ತಯಾರಾದ ತಿಂಗಳು ನೋಡಿದ. ನೋಂದಣಿ ಆದ ತಾರೀಖು ಬೇರೆ, ತಯಾರಾದ ತಿಂಗಳು ಬೇರೆ. ಕೊಳ್ಳುವವರು ಇದನ್ನು ಮರೆಯಬಾರದು. ಕರ್ನಾಟಕದ್ದೇ ಗಾಡಿಯಾದ್ದರಿಂದ ಆಜೀವ ತೆರಿಗೆ ಆಗಲೇ ತುಂಬಿದೆ. ಹೊರ ರಾಜ್ಯದ್ದಾದರೆ ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ, ಅಗ್ಗ ಅನಿಸಿದ್ದು ಅಗ್ಗ ಉಳಿಯುವುದಿಲ್ಲ.

ವ್ಯವಹಾರ ಇನ್ನೂ ಕುದುರಿಲ್ಲ. ಇಪ್ಪತ್ತು ಸಾವಿರದ ಚೌಕಾಶಿ ನಡೆದಿದೆ. ಅಲ್ಲಿವರೆಗೆ ಹಳೇ ಗಾಡಿಯೇ ಗತಿ. ಮೊನ್ನೆ ತಪಾಸಣೆಗೆ ಸೊಸೆಯನ್ನು ಕೊಪ್ಪಳಕ್ಕೆ ಕರೆದೊಯ್ಯುವಾಗ ಅವ್ವ ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿ, ಹನ್ನೆರಡು ವರ್ಷ ಯಾರೂ ಮುಟ್ಟದ ಬೆಲ್ಟನ್ನು ಎಳೆದು ತೆಗೆದರು. ಧೂಳು ಕೊಡವಿ ಮೊದಲು ಸೊಸೆಗೆ ಹೊಟ್ಟೆಯ ಕೆಳಗೆ ಬರುವಂತೆ ಹಾಕಿ, ಆಮೇಲೆ ತಾವೂ ಹಾಕಿಕೊಂಡರು.